ತೂಕದ ವ್ಯತ್ಯಾಸ

ಸಪ್ಲೈ ಚೈನ್ ಪ್ರಾಜೆಕ್ಟಿಗೆ
ಕಾರು ಕಂಪನಿ ಆರಿಸಿಕೊಂಡವರು ಹನ್ನೊಂದು ಜನ,
ಔಷಧ ಇಬ್ಬರು,
ಸುಲಕ್ಷಾ ಬಾನಾವಳಿ ತನ್ನ ಮಾವನ ಸಿಮೆಂಟ್ ಗೋದಾಮು.
ನಾನು ಬಂಗಡೆ ಎಂದೆ.
ಹಿಂದಿನ ಬೆಂಚಿನಲ್ಲಿ ಯಾರೋ ಮೂಗು ಮುಚ್ಚಿಕೊಂಡ ಸದ್ದು.
ಮೂಗು ಮುಚ್ಚಿಕೊಳ್ಳುವುದಕ್ಕೂ ಒಂದು ಸದ್ದಿದೆ,
ಕೇಳಿಸಿಕೊಂಡವರಿಗೆ ಗೊತ್ತು.

ಹಿರೇಗೌಡರ್ ಮೇಡಂ ಧಾರವಾಡದವರು,
ಮೀನು ಮುಟ್ಟಿದವರಲ್ಲ. ಆದರೂ ಕನ್ನಡಕ ಏರಿಸಿಕೊಂಡು,
"ಛಲೋ ಆತು. ಬಲೀಯಿಂದ ಬಟ್ಟಲತನಾ ಬರಿ.
ಎಲ್ಲಿ ಸೋರತೈತಿ, ಅದನ್ನ ಹಿಡಿ."

ಹಿಡಿಯಲು ಹೋದೆ.
ಬೈತಖೋಲದಲ್ಲಿ ಬೆಳಗಿನ ನಾಲ್ಕೂವರೆ,
ದೀಪದ ಕೆಳಗೆ ಐಸು ಪುಡಿಯಾಗುವ ಗದ್ದಲ,
ಪರ್ಶಿನ್ ಬೋಟಿನಿಂದ ಧಕ್ಕೆಗೆ, ಧಕ್ಕೆಯಿಂದ ಹರಾಜಿಗೆ,
ಹರಾಜಿನಿಂದ ಮಡಗಾಂವ ಲಾರಿಗೆ
ನೋಟ್‌ಬುಕ್ಕಿನ ತುಂಬ ಬಾಣದ ಗುರುತು.
ಲೀಡ್ ಟೈಮ್: ನಲವತ್ತು ನಿಮಿಷ.
ದಾಸ್ತಾನು: ಕರಗುತ್ತಿದೆ.
ಐಸ್ ಪ್ಲಾಂಟಿನ ಗಣಬಾ ತಾಂಡೇಲ ಕೇಳಿದ,
"ಇದ್ಕೆಲ್ಲ ಮಾರ್ಕ್ಸು ಕೊಡ್ತ್ರಾ?"
ನೂರಕ್ಕೆ, ಅಂದೆ.
"ಹಂಗಾರೆ ನಂದು ಮೂವತ್ತು ವರ್ಷದ್ದು ಬಾಕಿ ಅದೆ"
ಎಂದು ಹೊಟ್ಟು ಮೆತ್ತಿದ ಕೈಯಲ್ಲಿ ಇನ್ನೊಂದು ಗಡ್ಡೆ ಎಳೆದ.

ಧಕ್ಕೆಯ ತೂಕಕ್ಕೂ ಹರಾಜಿನ ತೂಕಕ್ಕೂ
ಮೊದಲ ದಿನ ನಾಲ್ಕು ಕಿಲೋ ಕಡಿಮೆ.
ನೀರು ಇಳಿದಿರಬೇಕೆಂದು ನೀರನ್ನೂ ಲೆಕ್ಕ ಹಾಕಿದೆ.
ಕಾಗೆಗೆ ಇನ್ನೂರು ಗ್ರಾಂ, ಬೆಕ್ಕಿಗೆ ಮುನ್ನೂರು,
ಧಾರಾಳವಾಗಿಯೇ ಬಿಟ್ಟುಕೊಟ್ಟೆ.
ಮರುದಿನವೂ ನಾಲ್ಕು. ಮೂರನೇ ದಿನ ನಾಲ್ಕೂ ಕಾಲು.
ಎಕ್ಸೆಲ್ಲಿನಲ್ಲಿ ಆ ಒಂದು ಮನೆ ಮಾತ್ರ
ಕಣ್ಣು ಬಂದ ಮಗುವಿನ ಹಾಗೆ
ಕೆಂಪಗೆ ನನ್ನನ್ನೇ ನೋಡುತ್ತಿತ್ತು.

ನಾಲ್ಕನೇ ದಿನ ಬಾಣಗಳನ್ನು ಬಿಟ್ಟು ನೆಲ ನೋಡಿದೆ.

ಕ್ರೇಟು ದಾಟಿಸುವಾಗ ಹೊತ್ತವನ ಮೊಣಕೈ ಒಂದಿಷ್ಟು ವಾಲುತ್ತದೆ.
ಎರಡೋ ಮೂರೋ ಬಂಗಡೆ ಜಾರುತ್ತವೆ.
ಮುದುಕಿಯೊಬ್ಬಳು ಬಗ್ಗುತ್ತಾಳೆ, ಅವಳ ಹಿಂದೆ
ಕಳೆದ ಸೀಜನ್ನಿನಲ್ಲಿ ಗಂಡ ಬಾರದೇ ಹೋದವಳು,
ಆಮೇಲೆ ಹೆಸರು ಗೊತ್ತಿಲ್ಲದ ಒಂದು ಮಡಿಲು.
ಯಾರೂ ಯಾರನ್ನೂ ನೋಡುವುದಿಲ್ಲ.
ಬೋಟಿನ ಮಾಲಕ ಸರಿಯಾಗಿ ಆ ಹೊತ್ತಿಗೇ
ಬೀಡಿ ಹಚ್ಚಲು ಸಮುದ್ರದ ಕಡೆ ತಿರುಗುತ್ತಾನೆ.
ಗಾಳಿ ಬೀಸುವುದೂ ಆ ಕಡೆಯಿಂದಲೇ. ಆದರೂ.

ಬಿದ್ದ ಮೀನಿಗೆ ಬಾಲ ಮುರಿದಿರುತ್ತದೆ,
ಕ್ರೇಟಿನ ಅಂಚು ತಾಗಿ, ಇಲ್ಲವೇ ಯಾರದೋ ಚಪ್ಪಲಿ.
ನಮ್ಮ ಮನೆಯ ಬಂಗಡೆಗೆ ಎಂದೂ ಬಾಲವಿರಲಿಲ್ಲ.
ಅವು ಹುಟ್ಟುವುದೇ ಹಾಗೆ ಎಂದುಕೊಂಡಿದ್ದೆ,
ಐದನೇ ಇಯತ್ತೆಯ ಪಾಠದಲ್ಲಿ ಚಿತ್ರ ನೋಡುವವರೆಗೆ.
"ಆಯೀ, ಪುಸ್ತಕದವರು ಬಾಲ ಹೆಚ್ಚಿಗೆ ಬರೆದಿದ್ದಾರೆ."
ಆಯಿ ಒಲೆ ಊದುತ್ತಲೇ ಇದ್ದಳು.
ಒಲೆ ಆಗಲೇ ಚೆನ್ನಾಗಿ ಉರಿಯುತ್ತಿತ್ತು.

ವೈವಾಕ್ಕೆ ಬೆಳಗಾವಿಯಿಂದ ಬಂದ ಪರೀಕ್ಷಕರು
ಪೆನ್ನಿನ ತುದಿಯನ್ನು ಸೀದಾ ಅಲ್ಲಿಗೇ ಊರಿದರು.
"ದಿನಕ್ಕೆ ನಾಲ್ಕು ಕಿಲೋ. ಸೀಜನ್ನಿಗೆ ಎಷ್ಟಾಯಿತು?
ಇದನ್ನು ನಿಲ್ಲಿಸುವುದು ಹೇಗೆ?"
ಉತ್ತರ ಗೊತ್ತಿತ್ತು: ಮುಚ್ಚಳದ ಕ್ರೇಟು, ಒಂದು ಕ್ಯಾಮೆರಾ,
ಎರಡು ವಾಕ್ಯ, ಹತ್ತು ಮಾರ್ಕ್ಸು.
ಕಿಟಕಿಯಾಚೆ ಕಾಳಿ ಸೇತುವೆಯ ಮೇಲೆ
ಲಾರಿಯೊಂದು ನೀರು ಸೋರಿಸುತ್ತ ಗೋವೆಗೆ ಹೊರಟಿತ್ತು.
"ತಕ್ಕಡಿಯ ದೋಷ ಸರ್."
"ದಿನಾಲೂ ಅದೇ ದೋಷವೇ?"
"ಹೌದು ಸರ್. ಬಹಳ ಹಳೆಯ ತಕ್ಕಡಿ."

ಹಿರೇಗೌಡರ್ ಮೇಡಂ ಏನೂ ಅನ್ನಲಿಲ್ಲ.
ಕನ್ನಡಕ ತೆಗೆದು, ಕಿಟಕಿಯ ಕಡೆ ತಿರುಗಿ,
ಸೆರಗಿನಿಂದ ಒರೆಸತೊಡಗಿದರು.
ಅಷ್ಟು ಹೊತ್ತು ಒರೆಸುವಂಥ ಕೊಳೆ ಅದರಲ್ಲಿರಲಿಲ್ಲ.

ಅರವತ್ತೊಂದು ಬಂತು.
ಆಯಿಗೆ ಹೇಳಿದೆ. ಈಳಿಗೆಯಿಂದ ತಲೆ ಎತ್ತದೆ ಕೇಳಿದಳು:
ನೂರಕ್ಕಾ?
ಉಳಿದದ್ದು ಎಲ್ಲಿ ಬಿತ್ತು?